‘ಟಿಸಿ ತಗೊಂಡು ಹೋಗಿ’ ಅಂದ ತಕ್ಷಣ ಹೋಗಬೇಕಿಲ್ಲ

ಪ್ರಶ್ನೆ: ನಮ್ಮದು ತರೀಕೆರೆ ಕಡೆ. ಮಗ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಏಳನೇ ತರಗತಿ ಓದುತ್ತಿದ್ದಾನೆ, ಸ್ಟೇಟ್ ಸಿಲಬಸ್. ನಾನು ರೊಟ್ಟಿ ತಟ್ಟುತ್ತಾ ಸಮಾಜ ಪಾಠ ಓದಿ ಹೇಳಿದರೆ ಕೇಳಿದ್ದಕ್ಕೆಲ್ಲ ಬಾಯಲ್ಲಿ ಉತ್ತರ ಕೊಡುತ್ತಾನೆ. ಬರೆಯಲು ಕೂತರೆ ಎರಡು ಸಾಲಿಗೆ ಮುಗಿಯಿತು. ಕನ್ನಡದಲ್ಲಿ ಒತ್ತಕ್ಷರ ಬಿಡುತ್ತಾನೆ, ಇಂಗ್ಲಿಷ್ ಸ್ಪೆಲಿಂಗ್ ಕೇಳಲೇಬೇಡಿ, ಹಿಂದಿಯಲ್ಲಿ ನೂರಕ್ಕೆ ಒಂಬತ್ತು. ಮಕ್ಕಳ ಡಾಕ್ಟರು ‘ಡಿಸ್ಲೆಕ್ಸಿಯಾ ಇರಬಹುದು, ಟೆಸ್ಟ್ ಮಾಡಿಸಿ’ ಅಂದರು. ಅದನ್ನು ಶಾಲೆಯಲ್ಲಿ ಹೇಳಿದ್ದೇ ತಪ್ಪಾಯಿತು. ‘ನಮ್ಮಲ್ಲಿ ಅಂಥ ಮಕ್ಕಳಿಗೆ ಟೀಚರ್ ಇಲ್ಲ, ಖಾಸಗಿ ಶಾಲೆಗೆ ಆ ಕಾನೂನೆಲ್ಲ ಬರಲ್ಲ, ವರ್ಷದ ಕೊನೆಗೆ ಟಿಸಿ ತಗೊಂಡು ಬೇರೆ ಕಡೆ ನೋಡಿಕೊಳ್ಳಿ’ ಅಂದರು. ಸರ್ಟಿಫಿಕೇಟ್ ಮಾಡಿಸಿದರೆ ಜೀವನಪೂರ್ತಿ ಅಂಗವಿಕಲ ಅಂತ ಹಣೆಪಟ್ಟಿ ಬೀಳುತ್ತೆ ಅಂತ ನಮ್ಮ ಯಜಮಾನರಿಗೆ ಭಯ. ‘ಅವರಪ್ಪನೂ ಹೀಗೇ ಇದ್ದ, ಆಮೇಲೆ ತಾನೇ ಸರಿಹೋದ’ ಅಂತಾರೆ ಅತ್ತೆ. ಶಾಲೆ ಬಿಡಿಸಬೇಕಾ? ಕನ್ನಡ ಮೀಡಿಯಂಗೆ ಹಾಕಬೇಕಾ? ಎಸ್‌ಎಸ್‌ಎಲ್‌ಸಿಯಲ್ಲಿ ಏನಾದರೂ ವಿನಾಯಿತಿ ಸಿಗುತ್ತಾ? ಮಗನಿಗೆ ಏನಂತ ಹೇಳಲಿ?

ಉತ್ತರ: ಮೊದಲು ಟಿಸಿ ವಿಷಯ ಮುಗಿಸೋಣ, ನಿಮ್ಮ ಪತ್ರದಲ್ಲಿ ಅವಸರದ್ದು ಅದೊಂದೇ. ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಶಾಲೆಯವರು ‘ನಿಮ್ಮ ಮಗನನ್ನು ತೆಗೆದುಹಾಕಿದ್ದೇವೆ’ ಅಂತ ಎಂದೂ ಬರೆದುಕೊಡುವುದಿಲ್ಲ. ಬದಲಿಗೆ ಆಫೀಸ್‌ನಲ್ಲಿ ಒಂದು ಬಿಳಿ ಹಾಳೆ ಕೊಡುತ್ತಾರೆ. ‘ಕೌಟುಂಬಿಕ ಕಾರಣದಿಂದ ನನ್ನ ಮಗನ ವರ್ಗಾವಣೆ ಪತ್ರ ಕೊಡಬೇಕಾಗಿ ವಿನಂತಿ’ ಅಂತ ನಿಮ್ಮ ಕೈಯಲ್ಲೇ ಬರೆಸುತ್ತಾರೆ. ಆ ಒಂದು ಸಾಲು ಬಿದ್ದ ಮೇಲೆ ಅವರು ಕಳಿಸಿದ್ದಲ್ಲ, ನೀವೇ ಹೊರಟಿದ್ದು ಅಂತಾಯಿತು. ಹಾಗೆ ಬರೆದುಕೊಟ್ಟು ಆಮೇಲೆ ನನ್ನ ಹತ್ತಿರ ಬಂದ ತಂದೆತಾಯಂದಿರನ್ನು ಬಹಳ ನೋಡಿದ್ದೇನೆ. ಅಷ್ಟೊತ್ತಿಗೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ನಾನು ವಕೀಲೆ ಅಲ್ಲ, ವಿಶೇಷ ಶಿಕ್ಷಕಿ. ಆದರೆ ಈ ಕೆಲಸದಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವಷ್ಟೇ ಹೊತ್ತು ಅವರ ಅಪ್ಪ ಅಮ್ಮಂದಿರಿಂದ ಅರ್ಜಿ ಬರೆಸುವುದಕ್ಕೂ ಹೋಗುತ್ತದೆ. ಹಾಗಾಗಿ ಕಾನೂನಿನ ಯಾವ ಮಾತು ಹೆಡ್‌ಮಾಸ್ಟರ ಮೇಜಿನ ಮುಂದೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅನ್ನುವುದು ಅಷ್ಟಿಷ್ಟು ಗೊತ್ತು.

ಖಾಸಗಿ ಶಾಲೆಗೆ ಕಾನೂನು ಬರುತ್ತದಾ?

ಬರುತ್ತದೆ. ಎರಡು ಕಾಯ್ದೆಗಳು ನಿಮ್ಮ ಮಗನ ಕಡೆ ಇವೆ.

ಒಂದು, 2009ರ ಶಿಕ್ಷಣ ಹಕ್ಕು ಕಾಯ್ದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರ್‌ಟಿಇ ಅಂದರೆ 25 ಪರ್ಸೆಂಟ್ ಸೀಟು ಅಂತಷ್ಟೇ ನಮ್ಮ ಜನ ತಿಳಿದುಕೊಂಡಿದ್ದಾರೆ. ಸೀಟಿನದು ಅದರ ಒಂದು ತುಂಡು ಮಾತ್ರ. ಅದರ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರಲ್ಲಿ ತಿದ್ದುಪಡಿ ಬಂತು. ಐದು ಮತ್ತು ಎಂಟನೇ ತರಗತಿಯಲ್ಲಿ ಪರೀಕ್ಷೆ ಇಡಬಹುದು, ಮರುಪರೀಕ್ಷೆಯಲ್ಲೂ ಫೇಲಾದರೆ ಅದೇ ತರಗತಿಯಲ್ಲಿ ಉಳಿಸಿಕೊಳ್ಳಬಹುದು ಅಂತ ಸರ್ಕಾರಗಳಿಗೆ ಅವಕಾಶ ಸಿಕ್ಕಿತು. ಹೊರಹಾಕುವುದಕ್ಕೆ ಮಾತ್ರ ಆಗಲೂ ಅವಕಾಶ ಕೊಡಲಿಲ್ಲ. 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ತಡೆಯುತ್ತದೆ. ಎಲ್ಲರ ಮುಂದೆ ನಿಲ್ಲಿಸಿ ‘ಹೋದ ವಾರದ ಡಿಕ್ಟೇಶನ್ ಮಾರ್ಕ್ಸ್ ಓದು’ ಅನ್ನುವುದೂ ನನ್ನ ಪ್ರಕಾರ ಹಿಂಸೆಯೇ.

ಒಂದು ಮಾತು ಮುಚ್ಚಿಡಬಾರದು. ನಿಮ್ಮ ಶಾಲೆ ಅಲ್ಪಸಂಖ್ಯಾತ ಸಂಸ್ಥೆ ಅಂತ ಮಾನ್ಯತೆ ಪಡೆದಿದ್ದರೆ ಆರ್‌ಟಿಇ ಅಲ್ಲಿಗೆ ಅನ್ವಯಿಸುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಮೊದಲೇ ತಿಳಿದುಕೊಳ್ಳಿ. ಆಗ ಎರಡನೇ ಕಾಯ್ದೆಯನ್ನೇ ಹಿಡಿಯಬೇಕಾಗುತ್ತದೆ.

ಅದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. 1995ರ ಹಳೇ ಕಾಯ್ದೆಯಲ್ಲಿ ಏಳೇ ಬಗೆಯ ನ್ಯೂನತೆಗಳಿದ್ದವು, ಡಿಸ್ಲೆಕ್ಸಿಯಾ ಮಕ್ಕಳ ಸುಳಿವೇ ಇರಲಿಲ್ಲ. ಹೊಸದರಲ್ಲಿ 21 ಇವೆ, ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಡಾಕ್ಟರ ಬಾಯಲ್ಲಿ ಎಸ್‌ಎಲ್‌ಡಿ. ಓದಿನ ತೊಂದರೆ ಡಿಸ್ಲೆಕ್ಸಿಯಾ, ಬರವಣಿಗೆಯದು ಡಿಸ್‌ಗ್ರಾಫಿಯಾ, ಲೆಕ್ಕದ್ದು ಡಿಸ್‌ಕ್ಯಾಲ್ಕುಲಿಯಾ, ಎಲ್ಲವೂ ಅದರೊಳಗೇ ಬರುತ್ತವೆ.

ಈ ಕಾಯ್ದೆಯ 16ನೇ ಸೆಕ್ಷನ್ ಸರ್ಕಾರಿ ಶಾಲೆಯ ಜೊತೆಗೆ ಸರ್ಕಾರದಿಂದ ‘ಮಾನ್ಯತೆ ಪಡೆದ’ ಶಾಲೆಯನ್ನೂ ಹೆಸರಿಸುತ್ತದೆ. ನಿಮ್ಮ ಶಾಲೆಯ ಬೋರ್ಡಿನ ಕೆಳಗೆ ಮಾನ್ಯತೆ ಪಡೆದಿದೆ ಅಂತ ಬರೆದಿರುತ್ತದಲ್ವಾ, ಆ ಪದವೇ ಇಲ್ಲಿ ಕೆಲಸಕ್ಕೆ ಬರುವುದು. ತಾರತಮ್ಯ ಇಲ್ಲದೆ ಸೇರಿಸಿಕೊಳ್ಳಬೇಕು, ಮಗುವಿಗೆ ತಕ್ಕ ಅನುಕೂಲ ಮಾಡಿಕೊಡಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಅದಕ್ಕೆ ಸರಿಯಾದ ರೀತಿಯಲ್ಲಿ ಪಾಠ ಮಾಡಬೇಕು ಅನ್ನುತ್ತದೆ. ಗುರುತಿಸುವ ಕೆಲಸ ಶಾಲೆಯದು, ನೋಡಿ. ನಿಮ್ಮ ಮಗನ ವಿಷಯದಲ್ಲಿ ಅದನ್ನು ಮಾಡಿದ್ದು ಡಾಕ್ಟರು, ಏಳನೇ ತರಗತಿಯಲ್ಲಿ.

ಈ ಸೆಕ್ಷನ್‌ನ ಭಾಷೆ ನಾವು ಬಯಸುವಷ್ಟು ಗಟ್ಟಿಯಾಗಿಲ್ಲ. ಶಾಲೆಗಳು ಹೀಗೆ ಮಾಡುವಂತೆ ಸರ್ಕಾರ ‘ಪ್ರಯತ್ನಿಸಬೇಕು’ ಅನ್ನುವ ಧಾಟಿಯಲ್ಲಿದೆ. ಶಾಲೆಯ ವಕೀಲರು ಆ ಪದವನ್ನೇ ಹಿಡಿದುಕೊಳ್ಳುತ್ತಾರೆ. ಆದರೂ ತಾರತಮ್ಯ ಮಾಡಬಾರದು ಅನ್ನುವ 3ನೇ ಸೆಕ್ಷನ್ ಇದೆ. ಬರವಣಿಗೆಯಲ್ಲಿ ಈ ಕಾಯ್ದೆಯ ಹೆಸರು ಕಂಡ ಮೇಲೆ ಆಡಳಿತ ಮಂಡಳಿಯವರ ದನಿ ಸ್ವಲ್ಪ ಇಳಿಯುವುದನ್ನು ನಾನು ಕಂಡಿದ್ದೇನೆ.

‘ನಮ್ಮಲ್ಲಿ ಟೀಚರ್ ಇಲ್ಲ’ ಅನ್ನುವುದು ನಿಜವಿರಬಹುದು. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕದಲ್ಲಿ ಇಂಥ ಹತ್ತು ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಬೇಕು ಅಂತ ಹೇಳಿತು. ಆ ಲೆಕ್ಕಕ್ಕೆ ನಾವಿನ್ನೂ ಬಹಳ ದೂರ ಇದ್ದೇವೆ. ಆದರೆ ಟೀಚರ್ ಇಲ್ಲದ್ದು ಶಾಲೆಯ ಕೊರತೆ, ಅದಕ್ಕಾಗಿ ಮಗು ಯಾಕೆ ಶಾಲೆ ಬಿಡಬೇಕು?

ಹುಡುಗನಿಗೆ ಆಗಿರುವುದೇನು

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ರೊಟ್ಟಿ ತಟ್ಟುವ ಹೊತ್ತಿನ ಪಾಠ. ಕಿವಿಯಿಂದ ಹೋಗಿದ್ದು ತಲೆಯಲ್ಲಿ ನಿಲ್ಲುತ್ತದೆ, ಬಾಯಿಂದ ಸರಿಯಾಗಿ ಹೊರಗೂ ಬರುತ್ತದೆ. ಕಣ್ಣಿನಿಂದ ಒಳಗೆ ಹೋಗುವಾಗ, ಕೈಯಿಂದ ಹೊರಗೆ ಬರುವಾಗ ಮಾತ್ರ ಸಿಕ್ಕಿಹಾಕಿಕೊಳ್ಳುತ್ತದೆ. ಬುದ್ಧಿ ಕಡಿಮೆ ಇರುವ ಮಗು ಹೀಗಿರುವುದಿಲ್ಲ, ಅದಕ್ಕೆ ಬಾಯಿಪಾಠವೂ ಕಷ್ಟವೇ. ಸೋಮಾರಿ ಮಗು ಅಂತೂ ಅಮ್ಮ ಅಡುಗೆಮನೆಯಲ್ಲಿ ಪಾಠ ಓದುವಾಗ ಪಕ್ಕದಲ್ಲಿ ಕೂತಿರುವುದೇ ಇಲ್ಲ.

ಡಿಸ್ಲೆಕ್ಸಿಯಾ ಅಂದರೆ ಬಿ, ಡಿ ತಿರುಗುಮುರುಗು ಬರೆಯುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆರು ಏಳು ವರ್ಷದ ಎಷ್ಟೋ ಮಕ್ಕಳು ಹಾಗೆ ಬರೆಯುತ್ತಾರೆ, ಆಮೇಲೆ ಸರಿಹೋಗುತ್ತದೆ. ಕನ್ನಡದಲ್ಲಿ ಇದು ಬೇರೆಯದೇ ವೇಷದಲ್ಲಿ ಬರುತ್ತದೆ. ನಮ್ಮ ಲಿಪಿಯಲ್ಲಿ ಬರೆದಂತೆ ಓದಬಹುದು, ಅದೊಂದು ಸುಖ. ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಗುರುತು ಹಿಡಿಯಬೇಕಾದ ರೂಪಗಳು ನೂರಾರು. ಸಾಮಾನ್ಯ ಮಕ್ಕಳಿಗೂ ಅವೆಲ್ಲ ಕೈಗೆ ಕೂರಲು ನಾಲ್ಕನೇ ತರಗತಿ ಆಗುತ್ತದೆ. ಈ ಮಕ್ಕಳ ನೋಟ್‌ಬುಕ್‌ನಲ್ಲಿ ‘ಕತ್ತೆ’ ಹೋಗಿ ‘ಕತೆ’ ಆಗಿರುತ್ತದೆ, ‘ಹಳ್ಳಿ’ ‘ಹಳಿ’ಯಾಗಿರುತ್ತದೆ. ದೀರ್ಘ ಬಿಟ್ಟಿರುತ್ತಾರೆ, ಸೊನ್ನೆ ಎಲ್ಲೋ ಹೋಗಿರುತ್ತದೆ, ‘ದ’ಕ್ಕೂ ‘ಧ’ಕ್ಕೂ ವ್ಯತ್ಯಾಸ ಇಲ್ಲ. ಒಂದೇ ಪುಟದಲ್ಲಿ ಒಂದೇ ಪದವನ್ನು ಮೂರು ಥರ ಬರೆದಿರುತ್ತಾರೆ. ಟೀಚರ್ ಇದನ್ನೇ ಅಜಾಗರೂಕತೆ ಅನ್ನುತ್ತಾರೆ. ಆ ಪುಟ ಮುಗಿಸುವುದಕ್ಕೆ ಹುಡುಗ ಎಷ್ಟು ಬೆವರಿರುತ್ತಾನೆ ಅನ್ನುವುದು ಕೆಂಪು ಇಂಕಿನವರಿಗೆ ಕಾಣುವುದಿಲ್ಲ.

ಕಾರಣ ಮಿದುಳು ಕೆಲಸ ಮಾಡುವ ರೀತಿಯಲ್ಲಿದೆ. ಮಾತಿನ ಸದ್ದನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ಅದರ ಅಕ್ಷರವನ್ನು ಜೋಡಿಸುವ ಕೆಲಸ ಅಲ್ಲಿ ನಿಧಾನ. ಮೊಬೈಲ್‌ನಿಂದ ಬಂದಿದ್ದಲ್ಲ, ನೀವು ಮುದ್ದು ಮಾಡಿದ್ದರಿಂದಲೂ ಬಂದಿದ್ದಲ್ಲ. ಮನೆತನದಲ್ಲಿ ಹರಿದುಬರುವುದು ಸಾಮಾನ್ಯ. ‘ಅವರಪ್ಪನೂ ಹೀಗೇ ಇದ್ದ’ ಅಂತ ನಿಮ್ಮ ಅತ್ತೆ ಹೇಳಿದ್ದು ಡಾಕ್ಟರಿಗೆ ಹೇಳಲೇಬೇಕಾದ ಮಾತು. ‘ತಾನೇ ಸರಿಹೋದ’ ಅನ್ನುವುದನ್ನು ಮಾತ್ರ ಯಜಮಾನರನ್ನೇ ಒಮ್ಮೆ ಕೇಳಿ ನೋಡಿ. ಬ್ಯಾಂಕ್ ಫಾರಂ ತುಂಬುವಾಗ ಈಗಲೂ ನಿಮ್ಮ ಕೈಗೆ ಕೊಡುತ್ತಾರಾ? ಎಷ್ಟೋ ಅಪ್ಪಂದಿರು ನನ್ನ ರೂಮಿನಲ್ಲಿ ಕೂತು ಮಗನ ಟೆಸ್ಟ್ ನೋಡುತ್ತಾ ಮೊದಲ ಸಲ ತಮ್ಮ ಶಾಲೆಯ ದಿನಗಳ ಬಗ್ಗೆ ಬಾಯಿ ಬಿಟ್ಟಿದ್ದಾರೆ.

ಇದಕ್ಕೆ ಮಾತ್ರೆ ಇಲ್ಲ, ಸಿರಪ್ ಇಲ್ಲ. ಮಿಡ್‌ಬ್ರೈನ್ ಆಕ್ಟಿವೇಶನ್ ಅಂತ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವವರ ಹತ್ತಿರ ದುಡ್ಡು ಸುರಿಯಬೇಡಿ. ಕೆಲಸ ಮಾಡುವುದು ಬೇಜಾರು ಬರುವಷ್ಟು ಸಾದಾ ವಿಷಯ: ಸದ್ದು ಮತ್ತು ಅಕ್ಷರವನ್ನು ಜೋಡಿಸಿ, ಕ್ರಮವಾಗಿ, ದಿನಾ ಅರ್ಧ ಗಂಟೆ, ತಿಂಗಳುಗಟ್ಟಲೆ ಕಲಿಸುವುದು. ಓದು ಸುಧಾರಿಸುತ್ತದೆ. ವೇಗ ಮಾತ್ರ ಬಹಳ ಮಕ್ಕಳಲ್ಲಿ ಕೊನೆಯವರೆಗೂ ಸ್ವಲ್ಪ ಕಮ್ಮಿಯೇ. ಪರೀಕ್ಷೆಯಲ್ಲಿ ಜಾಸ್ತಿ ಸಮಯ ಕೇಳುವುದು ಅದಕ್ಕೇ.

ಟೆಸ್ಟ್ ಬೇರೆ, ಸರ್ಟಿಫಿಕೇಟ್ ಬೇರೆ

ಖಾಸಗಿ ಸೈಕಾಲಜಿಸ್ಟ್ ಹತ್ತಿರ ದುಡ್ಡು ಕೊಟ್ಟು ರಿಪೋರ್ಟ್ ಮಾಡಿಸಿದರೆ ಅದು ರಿಪೋರ್ಟ್ ಅಷ್ಟೇ. ಹೇಗೆ ಕಲಿಸಬೇಕು ಅಂತ ತಿಳಿಯಲು ಬಹಳ ಉಪಯೋಗ. ಪರೀಕ್ಷಾ ಮಂಡಳಿಗೆ ಬೇಕಾಗಿರುವುದು ಮಾತ್ರ ಸರ್ಕಾರಿ ವೈದ್ಯಕೀಯ ಮಂಡಳಿ ಕೊಟ್ಟ ಪ್ರಮಾಣಪತ್ರ. ಈ ವ್ಯತ್ಯಾಸ ಗೊತ್ತಿಲ್ಲದೆ ಎರಡು ಸಲ, ಮೂರು ಸಲ ರಿಪೋರ್ಟ್ ಮಾಡಿಸಿ ಜೇಬು ಖಾಲಿ ಮಾಡಿಕೊಂಡವರು ಇದ್ದಾರೆ.

ಟೆಸ್ಟ್ ಅಂದರೆ ರಕ್ತ ತೆಗೆಯುವುದಿಲ್ಲ, ಸ್ಕ್ಯಾನ್ ಇಲ್ಲ. ಮೊದಲು ಕಣ್ಣು, ಕಿವಿ ನೋಡುತ್ತಾರೆ. ಹಿಂದಿನ ಬೆಂಚಿನಿಂದ ಬೋರ್ಡ್ ಕಾಣದ ಮಗುವನ್ನು ಡಿಸ್ಲೆಕ್ಸಿಯಾ ಅಂತ ಕಳಿಸಿದ್ದು ಒಂದಲ್ಲ, ಎರಡಲ್ಲ. ಆಮೇಲೆ ಐಕ್ಯೂ ಟೆಸ್ಟ್. ಅದರ ಮೇಲೆ ಓದು, ಬರಹ, ಲೆಕ್ಕದ ಪರೀಕ್ಷೆಗಳು. ಇದಕ್ಕೆ ದೇಶದಲ್ಲೆಲ್ಲ ಬಳಸುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ತಯಾರಿಸಿದ ಟೆಸ್ಟ್ ಸರಣಿ. 2018ರ ಜನವರಿಯಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿಯಲ್ಲೂ ಅದರ ಹೆಸರೇ ಇದೆ. ಮೂರನೇ ತರಗತಿ ಅಥವಾ ಎಂಟು ವರ್ಷದ ಹೊತ್ತಿಗೆ ಶಾಲೆಯಲ್ಲೇ ಮೊದಲ ತಪಾಸಣೆ ಆಗಬೇಕು ಅಂತಲೂ ಆ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಮಗನಿಗೆ ಆ ವಯಸ್ಸು ದಾಟಿ ನಾಲ್ಕು ವರ್ಷ ಆಯಿತು.

ಈ ಟೆಸ್ಟ್‌ನಲ್ಲಿ ಒಂದು ಸಂಕಟದ ಜಾಗ ಇದೆ. ಐಕ್ಯೂ 70ಕ್ಕೂ 85ಕ್ಕೂ ನಡುವೆ ಬಂದ ಮಕ್ಕಳು ಅತ್ತ ಬೌದ್ಧಿಕ ನ್ಯೂನತೆಗೂ ಸೇರುವುದಿಲ್ಲ, ಇತ್ತ ಎಸ್‌ಎಲ್‌ಡಿಗೂ ಸೇರುವುದಿಲ್ಲ. ಶಾಲೆಯಲ್ಲಿ ‘ಸ್ಲೋ ಲರ್ನರ್’ ಅಂತ ಕರೆಸಿಕೊಳ್ಳುವ ಇವರು ಎಲ್ಲ ತರಗತಿಯಲ್ಲೂ ಇದ್ದಾರೆ, ಇವರಿಗೆ ಯಾವ ಸರ್ಟಿಫಿಕೇಟೂ ಇಲ್ಲ. ಕಾನೂನು ಕೈಬಿಟ್ಟ ಮಕ್ಕಳು ಅಂದರೆ ಇವರೇ. ನೀವು ಬರೆದಿದ್ದು ನೋಡಿದರೆ ನಿಮ್ಮ ಮಗ ಈ ಗುಂಪಿನವನು ಅನಿಸುವುದಿಲ್ಲ. ಆದರೆ ಪತ್ರ ಓದಿ ಡಯಾಗ್ನೋಸಿಸ್ ಹೇಳುವುದು ನನ್ನ ಕೆಲಸ ಅಲ್ಲ.

ಸರ್ಟಿಫಿಕೇಟಿಗೆ ಅರ್ಜಿ ಹಾಕುವುದು ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಚೀಟಿಯ ಪೋರ್ಟಲ್‌ನಲ್ಲಿ. ಆಧಾರ್, ಫೋಟೊ, ವಿಳಾಸದ ದಾಖಲೆ ಸಾಕು. ನಿಮ್ಮ ಜಿಲ್ಲೆಯ ಆಸ್ಪತ್ರೆಯನ್ನು ಆರಿಸಬಹುದು, ಅಥವಾ ಮಗನಿಗೆ ಈಗಾಗಲೇ ಚಿಕಿತ್ಸೆ ನಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯನ್ನು. ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಗ್ರಾಮ ಪಂಚಾಯ್ತಿಯಲ್ಲಿ ಕೇಳಿದರೆ ಹೇಳುತ್ತಾರೆ. ಈ ಅರ್ಜಿ ತುಂಬಿಸುವುದೇ ಅವರ ಕೆಲಸ, ಸೈಬರ್ ಸೆಂಟರ್‌ನವರಿಗಿಂತ ಅವರೇ ಮೇಲು. ಜಿಲ್ಲಾಸ್ಪತ್ರೆಯಲ್ಲಿ ಈ ಟೆಸ್ಟ್ ಮಾಡುವ ಸೈಕಾಲಜಿಸ್ಟ್ ಇದ್ದಾರಾ ಅಂತ ಮೊದಲು ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಆಯಿಷ್ ಅಂದರೆ ವಾಕ್ ಶ್ರವಣ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್ ಕಡೆ ನೋಡಬೇಕಾಗುತ್ತದೆ. ಒಂದೇ ದಿನಕ್ಕೆ ಮುಗಿಯುತ್ತದೆ ಅಂದುಕೊಂಡು ಹೊರಡಬೇಡಿ. ಎರಡು ಮೂರು ಸಲ ಓಡಾಟ ಇದ್ದೇ ಇರುತ್ತದೆ.

ಈಗ ಯಜಮಾನರ ಭಯ. ಸರ್ಟಿಫಿಕೇಟ್ ನಿಮ್ಮ ಬೀರುವಿನಲ್ಲಿ ಇರುವ ಕಾಗದ. ಬೇಕಾದಾಗ ತೋರಿಸುತ್ತೀರಿ, ಬೇಡದಾಗ ಇಲ್ಲ. ಎಲ್ಲ ಕಡೆ ತೋರಿಸಲೇಬೇಕು ಅಂತ ಯಾರೂ ಬಲವಂತ ಮಾಡುವಂತಿಲ್ಲ. ಹಣೆಪಟ್ಟಿ ಅನ್ನುವುದಾದರೆ ಅದು ಆಗಲೇ ಬಿದ್ದಿದೆ, ‘ದಡ್ಡ’ ಅಂತ ಕ್ಲಾಸಿನಲ್ಲಿ ಕರೆಯುತ್ತಿರಬೇಕು. ಆ ಪಟ್ಟಿಯಿಂದ ಯಾವ ಅನುಕೂಲವೂ ಸಿಗುವುದಿಲ್ಲ.

ಸರ್ಟಿಫಿಕೇಟಿನಲ್ಲಿ ನ್ಯೂನತೆ ಎಷ್ಟು ಪರ್ಸೆಂಟ್ ಅಂತ ಬರೆದಿರುತ್ತದೆ, ಅದರಲ್ಲಿ ಶೇಕಡಾ 40ರ ಲೆಕ್ಕ ಒಂದು ಗೊಂದಲ. 40 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಾತ್ರ ಕೆಲವು ಲಾಭ: 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು, ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇಕಡಾ 5 ಸೀಟು, ಮುಂದೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ. ಅದಕ್ಕಿಂತ ಕಡಿಮೆ ಬಂದರೆ ಕಾಗದ ರದ್ದಿ ಅಂತ ಬಿಸಾಡಬೇಡಿ. ತಾನು ಹೇಳಿದ ಉತ್ತರ ಬರೆಯಲು ಲಿಪಿಕಾರರು ಬೇಕು ಅಂತ ವಿಕಾಸ್ ಕುಮಾರ್ ಅನ್ನುವ ಯುಪಿಎಸ್‌ಸಿ ಅಭ್ಯರ್ಥಿ ಹಾಕಿದ್ದ ಕೇಸಿನಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: 40ರ ಗೆರೆ ಮೀಸಲಾತಿಯಂಥದ್ದಕ್ಕೆ, ಪರೀಕ್ಷೆಯಲ್ಲಿ ಕೊಡುವ ಅನುಕೂಲವನ್ನು ಆ ಗೆರೆ ತೋರಿಸಿ ತಡೆಯಬಾರದು. ಅದೇ ವರ್ಷ ನವೆಂಬರ್‌ನಲ್ಲಿ ಡಿಸ್‌ಗ್ರಾಫಿಯಾ ಇದ್ದ ನೀಟ್ ವಿದ್ಯಾರ್ಥಿನಿಗೆ ಪರೀಕ್ಷಾ ಕೇಂದ್ರದಲ್ಲಿ ಒಂದು ಗಂಟೆ ಹೆಚ್ಚುವರಿ ಸಮಯ ಕೊಡದೆ ಪೇಪರ್ ಕಿತ್ತುಕೊಂಡಿದ್ದು ತಪ್ಪು ಅಂತಲೂ ಅದೇ ಕೋರ್ಟ್ ಹೇಳಿತು. ಕೇಂದ್ರದ ಬಾಗಿಲಲ್ಲಿ ನಿಂತಿರುವ ಮೇಲ್ವಿಚಾರಕರಿಗೆ ಇದೆಲ್ಲ ಗೊತ್ತಿರುವುದಿಲ್ಲ. ಹಾಗಾಗಿ ಆದೇಶದ ಪ್ರತಿ ಕೈಯಲ್ಲೇ ಇರಲಿ.

ಕಾಗದ ಬರುವವರೆಗೆ ಕಾಯಬೇಡಿ

ನನ್ನ ಅನುಭವದಲ್ಲಿ ತಂದೆತಾಯಿ ಮಾಡುವ ದೊಡ್ಡ ತಪ್ಪು ಇದು. ಸರ್ಟಿಫಿಕೇಟ್ ಬರಲಿ, ಆಮೇಲೆ ಶಾಲೆಗೆ ಹೇಳೋಣ ಅಂತ ಒಂದು ವರ್ಷ ಕಳೆದುಬಿಡುತ್ತಾರೆ. ಬೋರ್ಡ್ ಪರೀಕ್ಷೆಗೆ ಸರ್ಟಿಫಿಕೇಟ್ ಬೇಕು, ಸರಿ. ತರಗತಿಯಲ್ಲಿ ಆಗಬೇಕಾದ ಅನುಕೂಲಕ್ಕೆ ಏನು ಬೇಕು? ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಲು ಯಾವ ಮಂಡಳಿಯ ಸೀಲೂ ಬೇಡ. ಎಲ್ಲರ ಮುಂದೆ ಗಟ್ಟಿಯಾಗಿ ಓದಿಸದೇ ಇರಲು ಬೇಡ. ಬೋರ್ಡಿನ ಮೇಲಿನ ನೋಟ್ಸ್ ಫೋಟೊ ಕೊಡಲು, ವಿಜ್ಞಾನದ ಉತ್ತರದಲ್ಲಿ ಸ್ಪೆಲಿಂಗ್‌ಗೆ ಅಂಕ ಕತ್ತರಿಸದಿರಲು, ಯೂನಿಟ್ ಟೆಸ್ಟ್‌ನಲ್ಲಿ ಪ್ರಶ್ನೆ ಓದಿ ಹೇಳಿ ಬಾಯಲ್ಲೇ ಉತ್ತರ ಕೇಳಲು ಹೆಡ್‌ಮಾಸ್ಟರ ಒಂದು ‘ಹೂಂ’ ಸಾಕು.

ಅದನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಹೇಳಿದ್ದು ಆ ಬಾಗಿಲು ದಾಟುವುದಿಲ್ಲ. ನಾನು ಬರೆಸುವ ಅರ್ಜಿ ಹೆಚ್ಚುಕಡಿಮೆ ಹೀಗಿರುತ್ತದೆ:

‘ಮುಖ್ಯೋಪಾಧ್ಯಾಯರಿಗೆ. ವಿಷಯ: ನನ್ನ ಮಗನ ಕಲಿಕೆಗೆ ಅನುಕೂಲ ಒದಗಿಸುವ ಬಗ್ಗೆ. ನನ್ನ ಮಗ 7ನೇ ತರಗತಿಯಲ್ಲಿ ಓದುತ್ತಿದ್ದು, ಅವನಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದೆಂದು ಮಕ್ಕಳ ತಜ್ಞರು ತಿಳಿಸಿರುತ್ತಾರೆ. ಚೀಟಿ ಲಗತ್ತಿಸಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 16ರ ಪ್ರಕಾರ ಈ ಕೆಳಗಿನ ಅನುಕೂಲಗಳನ್ನು ಒದಗಿಸಬೇಕೆಂದು ಕೋರುತ್ತೇನೆ. ಅವನನ್ನು ಇದೇ ಶಾಲೆಯಲ್ಲಿ ಮುಂದುವರಿಸುವುದು ನಮ್ಮ ಇಚ್ಛೆ.’

ಕೊನೆಯ ವಾಕ್ಯ ಬಿಡಬೇಡಿ. ನಾಳೆ ಯಾರಾದರೂ ‘ಅವರೇ ಟಿಸಿ ಕೇಳಿದರು’ ಅಂದರೆ ಆ ಸಾಲು ಉತ್ತರ ಕೊಡುತ್ತದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಲೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಬೇಕಾದ್ದು ಮೂರೋ ನಾಲ್ಕೋ ಬರೆಯಿರಿ. ಹದಿನೈದು ಬೇಡಿಕೆ ಇಟ್ಟರೆ ಒಂದೂ ನಡೆಯುವುದಿಲ್ಲ.

ಮುಂದಿನ ದಾರಿಗಳು

ಒಂದು, ಇದೇ ಶಾಲೆ. ಗೆಳೆಯರಿದ್ದಾರೆ, ದಾರಿ ಗೊತ್ತಿದೆ. ಒಬ್ಬ ಟೀಚರ್ ಆದರೂ ಅವನ ಬಗ್ಗೆ ಒಳ್ಳೇ ಮಾತಾಡುವವರು ಇದ್ದರೆ ಇಲ್ಲೇ ಉಳಿಸಿ. ಅಪಾಯ ಏನೆಂದರೆ, ಕಾಗದದಲ್ಲಿ ಒಪ್ಪಿ ತರಗತಿಯಲ್ಲಿ ಚುಚ್ಚುವ ಶಾಲೆಗಳಿವೆ. ಹುಡುಗ ಬೆಳಿಗ್ಗೆ ಹೊಟ್ಟೆನೋವು ಅನ್ನಲು ಶುರು ಮಾಡಿದರೆ ಕಾನೂನಿನಲ್ಲಿ ಗೆದ್ದೂ ಸೋತಂತೆ.

ಎರಡು, ಸರ್ಕಾರಿ ಶಾಲೆ. ಮೂಗು ಮುರಿಯಬೇಡಿ. ಪ್ರತಿ ಬ್ಲಾಕಿನ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಬಿಐಇಆರ್‌ಟಿ ಅನ್ನುತ್ತಾರೆ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯಲ್ಲಿ ಇಂಥ ಒಂದೊಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಅಂತ ಲೆಕ್ಕ ಇದೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಭತ್ಯೆಯೂ ಉಂಟು. ಆದರೆ ಒಬ್ಬ ಬಿಐಇಆರ್‌ಟಿ ನೋಡಬೇಕಾದ ಶಾಲೆಗಳು ಬಹಳ. ವಾರಕ್ಕೊಮ್ಮೆ ಬಂದರೆ ಪುಣ್ಯ. ಖಾಸಗಿ ಶಾಲೆಯಲ್ಲೇ ಇದ್ದರೂ ಅವರನ್ನು ಬಿಆರ್‌ಸಿಗೆ ಹೋಗಿ ಒಮ್ಮೆ ಭೇಟಿ ಮಾಡಿ. ಸಲಹೆಗೆ ದುಡ್ಡು ಕೇಳುವವರಲ್ಲ.

ಕನ್ನಡ ಮೀಡಿಯಂ ಬಗ್ಗೆ ಕೇಳಿದ್ದೀರಿ. ಮೀಡಿಯಂ ಬದಲಿಸಿದರೆ ಡಿಸ್ಲೆಕ್ಸಿಯಾ ಹೋಗುವುದಿಲ್ಲ. ಆದರೆ ಮನೆಮಾತಲ್ಲಿ ಪಾಠ ಕೇಳಿದರೆ ಅರ್ಥ ಮಾಡಿಕೊಳ್ಳುವ ಹೊರೆಯಾದರೂ ಇಳಿಯುತ್ತದೆ. ಎರಡನೇ ಮೂರನೇ ತರಗತಿಯಲ್ಲಿ ಕೇಳಿದ್ದರೆ ಖಂಡಿತ ಬದಲಿಸಿ ಅನ್ನುತ್ತಿದ್ದೆ. ಏಳನೇ ತರಗತಿಯಲ್ಲಿ ವಿಜ್ಞಾನ, ಗಣಿತದ ಪದಗಳನ್ನೆಲ್ಲ ಹೊಸದಾಗಿ ಓದಿ ಕಲಿಯಬೇಕು. ಓದುವುದೇ ಕಷ್ಟ ಇರುವವನಿಗೆ ಅದು ಇನ್ನೊಂದು ಬೆಟ್ಟ. ನಾನಾದರೆ ಈಗ ಬದಲಿಸುವುದಿಲ್ಲ.

ಎಸ್‌ಎಸ್‌ಎಲ್‌ಸಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 625 ಅಂಕಗಳಲ್ಲಿ ಭಾಷೆಗಳದ್ದೇ 325, ಅಂದರೆ ಅರ್ಧಕ್ಕಿಂತ ಜಾಸ್ತಿ. ಡಿಸ್ಲೆಕ್ಸಿಯಾ ಮಕ್ಕಳು ಮುಗ್ಗರಿಸುವುದು ಇಲ್ಲೇ. 2016ರ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಮೂರೂ ಬರೆದಿವೆ. ನಮ್ಮ ಮಂಡಳಿಯೂ ಇಂಥ ಮಕ್ಕಳಿಗೆ ವಿನಾಯಿತಿಗಳನ್ನು ಕೊಡುತ್ತಾ ಬಂದಿದೆ. ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿಯಲ್ಲಿ ಗಣಿತದ ದಿನ ಪಕ್ಕದಲ್ಲಿ ‘ಸಮಾಜಶಾಸ್ತ್ರ’ ಅಂತ, ವಿಜ್ಞಾನದ ದಿನ ‘ರಾಜ್ಯಶಾಸ್ತ್ರ’, ‘ಸಂಗೀತ’ ಅಂತ ಇರುವುದನ್ನು ನೋಡಿ ಇದು ಯಾರಿಗಪ್ಪಾ ಅಂದುಕೊಂಡಿರಬಹುದು. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಇರುವ ಬದಲಿ ವಿಷಯಗಳು ಅವು. ಸಿಬಿಎಸ್‌ಇಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಎರಡು ಭಾಷೆಯ ಬದಲು ಒಂದೇ ಭಾಷೆ ತೆಗೆದುಕೊಳ್ಳುವ ಅವಕಾಶ ಇದೆ.

ಸಿಗುವುದನ್ನೆಲ್ಲ ತೆಗೆದುಕೊಳ್ಳಲೇಬೇಕು ಅಂತಿಲ್ಲ. ಹಿಂದಿ ಬಿಡಿಸಿ, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಕನ್ನಡ ಬಿಡಿಸುವ ಮೊದಲು ಎರಡು ಸಲ ಯೋಚನೆ ಮಾಡಿ. ಇಲ್ಲೇ ಬದುಕುವ ಹುಡುಗ, ಮುಂದೆ ಕೆಪಿಎಸ್‌ಸಿ ಬರೆದರೆ ಕನ್ನಡ ಬೇಕಾಗುತ್ತದೆ. ಗಣಿತ ಬಿಟ್ಟು ಸಮಾಜಶಾಸ್ತ್ರ ತೆಗೆದುಕೊಂಡರೆ ಪಿಯುಸಿ ಸೈನ್ಸ್, ಡಿಪ್ಲೊಮಾ ಬಾಗಿಲು ಮುಚ್ಚಿದಂತೆ. ಲೆಕ್ಕದಲ್ಲೇ ತೊಂದರೆ ಇರುವ ಮಗುವಿಗೆ ಅದು ವರ. ನಿಮ್ಮ ಮಗ ಬಾಯಿಲೆಕ್ಕದಲ್ಲಿ ಹೇಗಿದ್ದಾನೆ, ನೀವು ಬರೆದಿಲ್ಲ. ಅಂಗಡಿಗೆ ಕಳಿಸಿ ಚಿಲ್ಲರೆ ಲೆಕ್ಕ ಕೇಳಿ ನೋಡಿ.

ಲಿಪಿಕಾರರ ವಿಷಯದಲ್ಲಿ ಯಾರೂ ಹೇಳದ ಒಂದು ಮಾತು. ಉತ್ತರ ಹೇಳಿ ಬರೆಸುವುದೂ ಒಂದು ವಿದ್ಯೆ. ಅಭ್ಯಾಸ ಇಲ್ಲದ ಮಗು ಪರೀಕ್ಷೆಯ ದಿನ ಅಪರಿಚಿತರ ಪಕ್ಕ ಕೂತು ಬಾಯಿಯೇ ಬಿಡುವುದಿಲ್ಲ. ಒಂಬತ್ತನೇ ತರಗತಿಯಿಂದಲೇ ಶಾಲೆಯ ಪರೀಕ್ಷೆಗಳಲ್ಲಿ ಹಾಗೆ ಬರೆಸಿ. ವಿನಾಯಿತಿಯ ಅರ್ಜಿ ಹತ್ತನೇ ತರಗತಿಯ ನೋಂದಣಿ ಹೊತ್ತಿಗೆ ಶಾಲೆಯ ಮೂಲಕವೇ ಹೋಗಬೇಕು. ಹಾಗಾಗಿ ಸರ್ಟಿಫಿಕೇಟ್ ಒಂಬತ್ತಕ್ಕೆ ಕಾಲಿಡುವ ಮೊದಲೇ ಕೈಯಲ್ಲಿರಲಿ. ನಿಮಗೆ ಸಮಯ ಇದೆ, ತುಂಬಾ ಇಲ್ಲ.

ಕೊನೆಯದು ಎನ್‌ಐಒಎಸ್, ರಾಷ್ಟ್ರೀಯ ಮುಕ್ತ ಶಾಲೆ. ಐದು ವಿಷಯ, ಅದರಲ್ಲಿ ಭಾಷೆ ಒಂದಿದ್ದರೆ ಸಾಕು. ಐದು ವರ್ಷದಲ್ಲಿ ಒಂಬತ್ತು ಸಲ ಬರೆಯಬಹುದು. ಅಂಕಪಟ್ಟಿಗೆ ಬೇರೆ ಬೋರ್ಡುಗಳಷ್ಟೇ ಮಾನ್ಯತೆ. ಆದರೆ ದಿನಾ ಶಾಲೆ ಇಲ್ಲ, ಗೆಳೆಯರಿಲ್ಲ, ಮನೆಯಲ್ಲಿ ಓದಿಸುವ ಭಾರ ಪೂರ್ತಿ ನಿಮ್ಮ ಮೇಲೆ. ಮಗುವನ್ನು ಸಾಗಹಾಕಲು ಕೆಲವು ಶಾಲೆಗಳೇ ಈ ದಾರಿ ತೋರಿಸುತ್ತವೆ. ಏಳನೇ ತರಗತಿಯಲ್ಲಿ ಅದರ ಮಾತೇ ಬೇಡ.

ಶಾಲೆ ಜಗ್ಗದಿದ್ದರೆ

ಅರ್ಜಿ ಕೊಟ್ಟು ಎರಡು ಮೂರು ವಾರ ನೋಡಿ. ಉತ್ತರ ಇಲ್ಲದಿದ್ದರೆ ಅದೇ ಪ್ರತಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿ ಬಿಇಒ ಅವರಿಗೆ ಬರೆಯಿರಿ, ಆಮೇಲೆ ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಅಂದರೆ ಡಿಡಿಪಿಐ. ಬಹಳ ಕೇಸುಗಳು ಬಿಇಒ ಫೋನ್ ಮಾಡಿದ ಮೇಲೆ ಅಲ್ಲಿಗೇ ಮುಗಿಯುತ್ತವೆ. ಅದೂ ಆಗದಿದ್ದರೆ ಬೆಂಗಳೂರಿನ ರಾಜ್ಯ ವಿಕಲಚೇತನರ ಆಯುಕ್ತರಿಗೆ, ಅಥವಾ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕಳಿಸಬಹುದು. ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. ಹೊಡೆಯುವುದು, ಕೂಡಿಹಾಕುವುದು ಏನಾದರೂ ನಡೆದರೆ ಇಷ್ಟೆಲ್ಲ ಮೆಟ್ಟಿಲು ಹತ್ತುತ್ತಾ ಕೂರಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

2016ರ ಕಾಯ್ದೆಯಲ್ಲಿ ದಂಡ, ಜೈಲು ಎಲ್ಲ ಇದೆ. ಅದನ್ನು ಮೊದಲ ದಿನವೇ ಎತ್ತಬೇಡಿ. ನಾಳೆ ಬೆಳಿಗ್ಗೆ ನಿಮ್ಮ ಮಗ ಕೂರುವುದು ಅದೇ ಟೀಚರ್ ಎದುರು.

ಇನ್ನು, ಮಗನಿಗೆ ಏನು ಹೇಳಲಿ ಅಂದಿರಿ. ಇದ್ದದ್ದನ್ನೇ ಹೇಳಿ. ಹನ್ನೆರಡು ವರ್ಷದ ಹುಡುಗನಿಗೆ ತನ್ನಲ್ಲಿ ಏನೋ ಬೇರೆ ಇದೆ ಅಂತ ಗೊತ್ತಿರುತ್ತದೆ, ಅದಕ್ಕೆ ‘ದಡ್ಡ’ ಅಂತ ತಾನೇ ಹೆಸರಿಟ್ಟುಕೊಂಡಿರುತ್ತಾನೆ. ‘ನಿನಗೆ ಓದೋದು ನಿಧಾನ, ಅರ್ಥ ಆಗೋದು ನಿಧಾನ ಅಲ್ಲ. ಅಪ್ಪನಿಗೂ ಹೀಗೇ ಇತ್ತು. ಆಗ ಟೆಸ್ಟ್ ಮಾಡೋರು ಇರಲಿಲ್ಲ, ಈಗ ಇದ್ದಾರೆ’ ಅನ್ನಿ. ಎರಡನೇ ವಾಕ್ಯವನ್ನು ಅವರಪ್ಪನ ಬಾಯಲ್ಲೇ ಹೇಳಿಸಿದರೆ ಇನ್ನೂ ಒಳ್ಳೆಯದು.

ಆಸ್ಪತ್ರೆಗೆ ಹೋಗುವಾಗ ಅಂಕಪಟ್ಟಿಗಿಂತ ಮುಖ್ಯವಾಗಿ ಹಳೇ ನೋಟ್‌ಬುಕ್ ತಗೊಂಡು ಹೋಗಿ. ಮೂರನೆಯದ್ದು, ಐದನೆಯದ್ದು, ಈಗಿನದು, ಒಂದೊಂದು ಸಾಕು. ಅಟ್ಟದ ಮೇಲೆ ಕಟ್ಟಿಟ್ಟಿದ್ದರೆ ಈ ಭಾನುವಾರ ಇಳಿಸಿ, ಹಳೇ ಪೇಪರ್‌ನವರು ಬರುವ ಮೊದಲು.